ಪೆನಾಲ್ಟಿ ಬಾಕ್ಸಿನಲ್ಲಿ ಪ್ರಿಯಾಂಕಾ

೧೯೯೮ರ ಸೆಪ್ಟೆಂಬರಿನಲ್ಲಿ ಶುರುವಾದ, ಹದಿನಾಲ್ಕು ವರ್ಷದೊಳಗಿನವರ ಐಸ್ ಹಾಕಿ ಲೀಗ್‌ನಲ್ಲಿ ದಕ್ಷಿಣ ಲಂಡನ್ನಿನ ಒಂದು ತಂಡಕ್ಕೆ ಆಡಿದ ಹುಡುಗಿ ಒಬ್ಬಳೇ, ಸಟನ್ನಿನ ಪ್ರಿಯಾಂಕಾ. ಉಳಿದವರೆಲ್ಲ ಹುಡುಗರು. ಅವಳ ಸ್ಕೇಟಿಂಗ್ ಚೆನ್ನಾಗಿತ್ತು, ಹೊಡೆತದಲ್ಲಿ ಬಲ ಸಾಲುತ್ತಿರಲಿಲ್ಲ. ಹೆಚ್ಚು ಹೊತ್ತು ಬೆಂಚಿನ ಮೇಲೇ ಇರುತ್ತಿದ್ದಳು.

ತಂದೆ ರುದ್ರೇಶ ಧಾರವಾಡದವರು, ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ. ಮಗಳನ್ನು ರಿಂಕ್‌ಗೆ ಬಿಟ್ಟು ಕಾರಿನಲ್ಲಿ ಪೇಪರ್ ಓದುತ್ತ ಕೂತು, ಆಟ ಮುಗಿಯುವ ಹೊತ್ತಿಗೆ ಒಳಗೆ ಬರುತ್ತಿದ್ದರು. ಹಾಗೆ ಬಂದಾಗ ಎಷ್ಟೋ ಸಲ ಮಗಳು ಗಾಜಿನ ಹಿಂದಿನ ಪೆನಾಲ್ಟಿ ಬಾಕ್ಸಿನಲ್ಲಿ ಕಂಡಳು. ತಪ್ಪು ಮಾಡಿದವರು ಎರಡು ನಿಮಿಷ ಅಲ್ಲಿ ಕೂರಬೇಕು, ಅಷ್ಟು ಹೊತ್ತು ತಂಡಕ್ಕೆ ಒಬ್ಬ ಆಟಗಾರ ಕಡಿಮೆ. ರುದ್ರೇಶರಿಗೆ ಗೊತ್ತಿದ್ದ ನಿಯಮ ಅದೊಂದೇ.

ಫೆಬ್ರವರಿಯಲ್ಲಿ ಒಂದು ಪಂದ್ಯ ಮುಗಿದ ಮೇಲೆ ಕಾರಿನಲ್ಲೇ ಕೇಳಿದರು. "ಇವತ್ತ ಯಾರಿಗೆ ಹೊಡದಿ?"

"ನಾನಲ್ಲ, ಡ್ಯಾಡ್. ಗೋಲ್‌ಕೀಪರ್ ಹೊಡದಿದ್ದು. ಕೀಪರ್ ಬಾಕ್ಸಿಗೆ ಹೋಗಂಗಿಲ್ಲ, ಬ್ಯಾರೆಯವ್ರು ಕೂಡಬೇಕು."

"ಅಂವ ಮಾಡಿದ್ದಕ್ಕ ನೀ ಕೂಡ್ತಿ? ಯಾವ ಊರ ಕಾನೂನಿದು? ಹೊಡಿಯೋದು ಕಲ್ತಿ, ಈಗ ಸುಳ್ಳ ಹೇಳೋದೂ ಕಲ್ತಿ."

"ಇಟ್ಸ್ ದ ರೂಲ್!"

"ಇನ್ನೊಮ್ಮೆ ಆ ಡಬ್ಬ್ಯಾಗ ಕಂಡ್ರ ಮುಂದಿನ ವರ್ಷ ಹಾಕಿ ಬಂದ್."

ನಿಯಮ ಅವಳು ಹೇಳಿದಂತೆಯೇ ಇತ್ತು. ರುದ್ರೇಶ ಯಾರನ್ನೂ ಕೇಳಲಿಲ್ಲ. ಅವಳೂ ಮತ್ತೆ ವಾದಿಸಲಿಲ್ಲ.

ಏಪ್ರಿಲ್‌ನ ಕೊನೆಯ ಪಂದ್ಯದ ಹೊತ್ತಿಗೆ ರುದ್ರೇಶರ ತಾಯಿ ಸುಶೀಲಾಬಾಯಿ ಧಾರವಾಡದಿಂದ ಬಂದಿದ್ದರು. ಮೊಮ್ಮಗಳ ಆಟ ನೋಡಲೇಬೇಕೆಂದು ಇಳಕಲ್ ಸೀರೆಯ ಮೇಲೆ ಮಗನ ಕೋಟು ಹಾಕಿಕೊಂಡು ಬಂದು ಕೂತರು. ಹಾಗಾಗಿ ರುದ್ರೇಶರೂ ಮೊದಲಿಂದ ಒಳಗಿರಬೇಕಾಯಿತು.

"ಇಷ್ಟ ದೊಡ್ಡ ಫ್ರಿಜ್ಜಿನ್ಯಾಗ ಮಕ್ಕಳನ್ನ ಬಿಟ್ಟಾರಲ್ಲೋ!" ಎಂದರು ಸುಶೀಲಾಬಾಯಿ.

ಸೋತರೆ ತಂಡಕ್ಕೆ ಲೀಗ್‌ನಲ್ಲಿ ಕೊನೆಯ ಸ್ಥಾನ. ಕೊನೆಯ ಭಾಗದಲ್ಲಿ ಎರಡು-ಎರಡು ಗೋಲಾಗಿದ್ದಾಗ ಕೀಪರ್ ಸಿಟ್ಟಿನಿಂದ ಎದುರಾಳಿಯ ಕಾಲಿಗೆ ಸ್ಟಿಕ್ ಬೀಸಿದ. ರೆಫರಿ ಸೀಟಿ ಊದಿದರು. ಬೆಂಚಿನ ಹುಡುಗರು ಬಗ್ಗಿ ಸ್ಕೇಟಿನ ಲೇಸು ನೋಡತೊಡಗಿದರು. ಕೋಚ್ ಪ್ರಿಯಾಂಕಾಳ ಹೆಸರು ಕೂಗಿದರು.

ಆಗುವುದಿಲ್ಲ ಎನ್ನಬಹುದಿತ್ತು, ಆ ಸೀಸನ್ನಿನಲ್ಲಿ ಇಬ್ಬರು ಹುಡುಗರು ಹಾಗೆ ಅಂದು ತಪ್ಪಿಸಿಕೊಂಡಿದ್ದರು. ಅವಳು ತಲೆಯೆತ್ತಿ ಅಪ್ಪ ಕೂತಿದ್ದ ಕಡೆ ನೋಡಿದಳು. ಅವರು ತನ್ನನ್ನೇ ನೋಡುತ್ತಿರುವುದು ಕಂಡಿತು. ಬೆಂಚಿನ ಮುಂದಿನ ಅಡ್ಡಹಲಗೆ ದಾಟಿ, ಐಸ್ ಮೇಲೆ ನೇರ ಬಾಕ್ಸಿಗೆ ಹೋಗಿ, ಬಾಗಿಲನ್ನು ತಾನೇ ಎಳೆದುಕೊಂಡಳು.

ರುದ್ರೇಶ ಎದ್ದು ನಿಂತರು. ತಾಯಿ ತೋಳು ಹಿಡಿದು ಜಗ್ಗಿದರು.

"ಕೂಡೋ ರುದ್ರ್ಯಾ. ಹೊಡದಂವ ಅಲ್ಲಿ ಬಲೆ ಮುಂದ ಕಾಲಿಗೆ ಗಾದಿ ಕಟಗೊಂಡು ನಿಂತಂವ. ಕಣ್ಣಾರೆ ನೋಡೀನಿ. ನಮ್ಮ ಹುಡಿಗಿನ್ನ ಯಾಕ ಒಳಗ ಹಾಕಿದ್ರು?"

ರುದ್ರೇಶರೂ ನೋಡಿದ್ದರು. "ಹಂಗ ನಿಯಮ ಅದ, ಅವ್ವ."

"ನಿನಗ ಗೊತ್ತಿತ್ತು?"

"ಆಕಿ ಹೇಳಿದ್ಲು."

ಒಬ್ಬ ಕಡಿಮೆಯಿದ್ದರೂ ತಂಡ ಗೋಲು ಬಿಟ್ಟುಕೊಡಲಿಲ್ಲ. ಪ್ರಿಯಾಂಕಾ ಒಳಗೆ ನಿಂತು, ಸ್ಟಿಕ್ಕಿನಿಂದ ಹಲಗೆ ಬಡಿದು ಕೂಗುತ್ತಲೇ ಇದ್ದಳು. ಎರಡು ನಿಮಿಷ ಮುಗಿದಾಗ ಹೊರಬಂದು ನೇರ ಬೆಂಚಿಗೆ ಹೋದಳು. ಅವಳ ಬದಲು ಬಲವಾದ ಹುಡುಗನೊಬ್ಬ ಇಳಿದ. ಪಂದ್ಯ ಡ್ರಾ ಆಯಿತು. ಕೊನೆಯ ಸ್ಥಾನ ತಪ್ಪಿತು.

ಯಾವಾಗಲೂ ನನ್ನ ಮಗಳನ್ನೇ ಯಾಕೆ ಕಳಿಸುತ್ತೀರಿ ಎಂದು ರುದ್ರೇಶ ಕೋಚ್‌ರನ್ನು ಕೇಳಿದರು. ಕೋಚ್ ಮುಚ್ಚಿಡಲಿಲ್ಲ. ಚೆನ್ನಾಗಿ ಆಡುವವರು ಐಸ್ ಮೇಲೆ ಬೇಕು, ಅದಕ್ಕೆ ಬೆಂಚಿನವರನ್ನು ಕಳಿಸುತ್ತೇನೆ. ಉಳಿದವರು ಹೋದರೆ ಕೀಪರ್‌ನನ್ನು ಬೈಯುತ್ತ ವಾಪಸಾಗುತ್ತಾರೆ, ಇವಳು ವರ್ಷವಿಡೀ ಅವನಿಗೆ ಒಂದು ಮಾತೂ ಅಂದಿಲ್ಲ ಎಂದರು.

ಮಗ ಅದನ್ನು ಕನ್ನಡದಲ್ಲಿ ಹೇಳಿದಾಗ ಸುಶೀಲಾಬಾಯಿ ಕೇಳಿದರು. "ಅಂದ್ರ ಆಕಿ ಛಲೋ ಆಡಂಗಿಲ್ಲೇನು?"

"ಹಂಗೇನೂ ಛಲೋ ಆಡಂಗಿಲ್ಲ."

"ಅದು ಆಕಿಗೆ ಗೊತ್ತದೇನು?"

"ಗೊತ್ತದ ಅವ್ವ. ಎಲ್ಲಾ ಗೊತ್ತದ."

ಪ್ರಿಯಾಂಕಾ ಬಟ್ಟೆ ಬದಲಿಸಿ, ತನಗಿಂತ ದೊಡ್ಡ ಬ್ಯಾಗು ಎಳೆದುಕೊಂಡು ಹೊರಗೆ ಕಾರುಗಳು ನಿಂತಿದ್ದ ಕಡೆ ಬಂದಳು. ಅಪ್ಪನ ಮುಖ ನೋಡದೆ ಕೇಳಿದಳು. "ಕ್ಲಬ್ಬಿನ ಕಿಟ್ ಈಗ್ಲೇ ವಾಪಸ್ ಕೊಡ್ಲಾ?"

"ಬ್ಯಾಡ. ನೀ ಖರೇನ ಹೇಳಿದ್ದಿ. ನಾನ ಕೇಳಲಿಲ್ಲ." ರುದ್ರೇಶ ಬ್ಯಾಗಿನ ಹಿಡಿಕೆಗೆ ಕೈಹಾಕಿದರು. "ಮುಂದಿನ ಸೀಸನ್ ಟ್ರೇನಿಂಗ್ ಯಾವಾಗಂತ ಕೋಚ್‌ನ ಕೇಳಿ ಬಾ."

ಕೋಚ್ ಆಗಲೇ ಕಾರು ಶುರು ಮಾಡಿದ್ದರು. ಪ್ರಿಯಾಂಕಾ ಬ್ಯಾಗು ಅಲ್ಲೇ ಬಿಟ್ಟು ಓಡಿದಳು.