ಮಡಿಯಾದ ತಂತಿ

ನಾನು ಒಂದು ಕೇಬಲ್. ಗೋಡೆಯಂಚಿನಲ್ಲಿ ಮೊಳೆ ಹೊಡೆಸಿಕೊಂಡು ಮಲಗುವ, ಕಸ ಗುಡಿಸುವವರ ಪೊರಕೆಗೆ ಮಾತ್ರ ನೆನಪಾಗುವ ನೀಲಿ ಬಣ್ಣದ ಇಂಟರ್ನೆಟ್ ತಂತಿ. ನೋಡಲು ಒಂದೇ ಹಗ್ಗದ ಹಾಗಿದ್ದರೂ ನನ್ನೊಳಗೆ ತಾಮ್ರದ ಎಂಟು ಎಳೆಗಳಿವೆ. ಕಿತ್ತಳೆ, ಹಸಿರು, ನೀಲಿ, ಕಂದು, ಒಂದೊಂದಕ್ಕೂ ಬಿಳಿಯ ಜೊತೆಗಾರ. ಕಾರ್ಖಾನೆಯಲ್ಲಿ ಅವನ್ನು ಜೋಡಿ ಜೋಡಿಯಾಗಿ ಹೆಣೆದು, ಪ್ಲಾಸ್ಟಿಕ್ಕಿನ ಅಂಗಿ ತೊಡಿಸಿ, ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿ ಮಲಗಿಸಿದರು. ಆ ಕತ್ತಲಲ್ಲಿ ನನಗೆ ಬೀಳುತ್ತಿದ್ದುದು ಒಂದೇ ಕನಸು. ಒಂದು ತುದಿಯಲ್ಲಿ ಯಾರೋ, ಇನ್ನೊಂದು ತುದಿಯಲ್ಲಿ ಯಾರೋ, ನಡುವೆ ನಾನು.

ಮೊದಲು ನನ್ನನ್ನು ಕೊಂಡವನು ಗದಗಿನ ಬಸ್‌ಸ್ಟ್ಯಾಂಡ್ ಹತ್ತಿರ ಸೈಬರ್ ಅಂಗಡಿ ಇಟ್ಟಿದ್ದವನು. ಅಲ್ಲಿ ಪರೀಕ್ಷೆಯ ಫಲಿತಾಂಶಗಳು ನನ್ನ ಮೈಯೊಳಗಿಂದ ಹಾದುಹೋದವು. ಪಾಸಾದವರ ಕುಣಿತ, ಫೇಲಾದವರ ನಿಟ್ಟುಸಿರು ಎರಡನ್ನೂ ಮೇಜಿನ ಕೆಳಗಿಂದ ಕಂಡೆ. ಶಬ್ದವಾಗಲಿ ಚಿತ್ರವಾಗಲಿ, ನನಗೆ ಎಲ್ಲವೂ ಒಂದೇ ಬಗೆಯ ನವಿರು ನಡುಕ. ನೀರಿನಡಿಯಲ್ಲಿ ಮಲಗಿದವರಿಗೆ ದಡದ ಮಾತು ಕೇಳಿದ ಹಾಗೆ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಅಂಗಡಿಗೆ ಬೀಗ ಬಿತ್ತು. ಮಾಲೀಕ ನನ್ನನ್ನು ತುಂಡು ತುಂಡಾಗಿ ಕಟ್ಟಿ ತನ್ನ ಗೆಳೆಯ ಪ್ರಹ್ಲಾದರಾಯರ ಕೈಗಿಟ್ಟ.

ಪ್ರಹ್ಲಾದರಾಯರು ಸರಕಾರಿ ಕಚೇರಿಯ ಗುಮಾಸ್ತರು. ಮನೆಯಲ್ಲಿ ನಲ್ಲಿ ಸೋರಲಿ, ಫ್ಯಾನ್ ಕಿರುಗುಡಲಿ, ತಾವೇ ಸ್ಕ್ರೂಡ್ರೈವರ್ ಹಿಡಿಯುವವರು. ಕೆಲವು ಸಲ ರಿಪೇರಿ ಆಗುತ್ತಿತ್ತು ಕೂಡ. ಅವರ ಮನೆ ಹಳೆಯ ಕಲ್ಲಿನ ಗೋಡೆಯ ಮನೆ. ಪಡಸಾಲೆಯಲ್ಲಿದ್ದ ವೈಫೈ ಆ ಕಲ್ಲುಗಳಿಗೆ ಹಣೆ ಚಚ್ಚಿಕೊಂಡು ಅಲ್ಲೇ ನಿಲ್ಲುತ್ತಿತ್ತು. ಹಿಂದಿನ ಕೋಣೆಯಲ್ಲಿದ್ದ ಮಗಳು ವೈಜಯಂತಿಗೆ ಮಾತ್ರ ಅದು ಅನ್ನ ನೀರಿನಷ್ಟೇ ಬೇಕಾಗಿತ್ತು.

ವೈಜಯಂತಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅವಳ ಮಾತೆಲ್ಲ ಕೈಯಲ್ಲಿ. ಪ್ರತಿ ಭಾನುವಾರ ಬೆಳಗ್ಗೆ, ಊರೂರುಗಳಲ್ಲಿ ಕೂತ ಕಿವಿ ಕೇಳಿಸದ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಕೈಭಾಷೆಯ ಕತೆ ಹೇಳುವ ಕೆಲಸ ಅವಳಿಗೆ ಒಂದು ಸಂಸ್ಥೆಯಿಂದ ಆಗತಾನೆ ಸಿಕ್ಕಿತ್ತು. ಆದರೆ ಚಿತ್ರ ನಡುನಡುವೆ ನಿಂತುಬಿಡುತ್ತಿತ್ತು. ನಮ್ಮ ನಿಮ್ಮ ಫೋನಿನಲ್ಲಿ ಚಿತ್ರ ನಿಂತರೂ ದನಿ ಬರುತ್ತದೆ. ಅವಳಿಗೆ ಚಿತ್ರ ನಿಂತರೆ ನಾಲಿಗೆಯೇ ನಿಂತ ಹಾಗೆ. ಒಮ್ಮೆ ಅವಳ ಕತೆಯ ಹುಲಿ ಹಾರಲು ಹೋಗಿ ಗಾಳಿಯಲ್ಲೇ ಉಳಿಯಿತು, ಮಕ್ಕಳು ಕಾದು ಕಾದು ಎದ್ದು ಹೋದರು. ಇನ್ನೊಮ್ಮೆ ಹೀಗಾದರೆ ತರಗತಿಯನ್ನು ಬೇರೆಯವರಿಗೆ ಕೊಡುತ್ತೇವೆ ಎಂದು ಸಂಸ್ಥೆಯವರು ತಿಳಿಸಿದರು. ಹೀಗೆ ನಾನು ಆ ಮನೆಗೆ ಬಂದೆ.

ಪಡಸಾಲೆಗೂ ಅವಳ ಕೋಣೆಗೂ ನಡುವೆ ಇದ್ದದ್ದು ದೇವರ ಮನೆ. ಅದರ ಗೋಡೆ ಕೊರೆಯುವ ಮಾತೇ ಇರಲಿಲ್ಲ. ರಾಯರು ಅಡುಗೆಮನೆಯ ಓಣಿಯಿಂದ ಸುತ್ತುಹಾಕಿದರು. ಒಂದು ತುಂಡು ಸಾಲದೆ ನನ್ನ ಎರಡು ತುಂಡುಗಳನ್ನು ಒಂದು ಪುಟ್ಟ ಪ್ಲಾಸ್ಟಿಕ್ ಗಂಟಿನಲ್ಲಿ ಜೋಡಿಸಿದರು. ಓಣಿಯ ಮೇಲೆ ಅಡ್ಡಲಾಗಿ ಒಂದು ಬಿದಿರ ಗಳ ತೂಗುತ್ತಿತ್ತು. ಇಷ್ಟು ಅಚ್ಚುಕಟ್ಟಾದ ದಾರಿ ಬೇರೆಲ್ಲಿ ಸಿಕ್ಕೀತೆಂದು ನನ್ನನ್ನು ಅದಕ್ಕೆ ಕಟ್ಟಿ, ಕೈ ಒರೆಸಿಕೊಂಡು ಬೀಗಿದರು.

ಅದು ಅವರ ತಾಯಿ ತುಂಗಾಬಾಯಿಯವರು ಮಡಿಸೀರೆ ಒಣಗಿಸುವ ಗಳ. ತಂಗಿಯ ಊರಿಗೆ ಹೋಗಿದ್ದ ಅಜ್ಜಿ ಮರಳಿ ಬಂದು ಕತ್ತೆತ್ತಿ ನೋಡಿದರು.

"ಪ್ರಹ್ಲಾದಾ, ಮಡಿ ಗಳಕ್ಕ ಇದೇನೋ ಕಟ್ಟೀ?"

"ಇಂಟರ್ನೆಟ್ ವೈರ್ ಅವ್ವಾ. ವೈಜೂನ ಖೋಲಿಗೆ ಬೇಕಾಗಿತ್ತು. ಬಿಚ್ಚಲೇನು?"

ಅಜ್ಜಿ ಮೊಮ್ಮಗಳ ಕೋಣೆಯ ಕಡೆ ನೋಡಿದರು. "ಬಿಚ್ಚಬ್ಯಾಡ. ಸ್ನಾನಾ ಮಾಡಿ, ಒದ್ದಿ ಪಂಚಿ ಉಟ್ಟು, ಅದನ್ನ ಒರಸಿ ಮತ್ತ ಕಟ್ಟು. ಇನ್ನ ಮ್ಯಾಲ ಅದೂ ಮಡೀನ. ಯಾರೂ ಮುಟ್ಟಂಗಿಲ್ಲ. ನೀನೂ."

ಹೀಗೆ ನಾನು ಮಡಿಯಾದೆ. ನನ್ನ ಕುಲದಲ್ಲಿ ಈ ಭಾಗ್ಯ ಇನ್ನಾರಿಗೂ ಒದಗಿರಲಾರದು. ನೆಲದಲ್ಲಿ ಬಿದ್ದಿರುವ ನನ್ನ ಬಂಧುಗಳು ಜನರನ್ನು ಹಿಮ್ಮಡಿಯಿಂದ ಗುರುತಿಸುತ್ತಾರೆ. ನನಗೆ ನೆತ್ತಿಗಳ ಪರಿಚಯವಾಯಿತು.

ಮೇಲಿಂದ ನೋಡುತ್ತ ನನಗೆ ಒಂದು ಸಂಗತಿ ತಿಳಿಯಿತು, ಸಂಕಟವೂ ಆಯಿತು. ವೈಜಯಂತಿಯ ತಾಯಿ ಮಗು ಮಡಿಲಲ್ಲಿರುವಾಗಲೇ ತೀರಿಕೊಂಡಿದ್ದಳು. ಸಾಕಿದವರು ಅಜ್ಜಿ. ಆದರೆ ಸ್ನಾನವಾದ ಗಳಿಗೆಯಿಂದ ಪೂಜೆ, ಅಡುಗೆ, ಊಟ ಮುಗಿಯುವ ತನಕ ಅವರು ಯಾರನ್ನೂ ಮುಟ್ಟುವವರಲ್ಲ. ಬೇರೆ ಮಕ್ಕಳಾದರೆ ದೂರದಿಂದ ಕೂಗಬಹುದು. ಈ ಮಗುವನ್ನು ಕೂಗಿದರೆ ಕೇಳಿಸದು, ಮುಟ್ಟಿ ಕರೆಯುವಂತಿಲ್ಲ. ಕೈಭಾಷೆಯನ್ನು ಅಜ್ಜಿ ಕಲಿಯಲೂ ಇಲ್ಲ. ಪ್ರೀತಿ ಇರಲಿಲ್ಲವೆಂದಲ್ಲ, ತಟ್ಟೆ ತುಂಬ ಇತ್ತು. ಆದರೂ ಬೆಳಗಿನ ಹೊತ್ತು ಆ ಇಬ್ಬರ ನಡುವೆ ಒಂದು ಎಳೆಯೂ ಇರುತ್ತಿರಲಿಲ್ಲ.

ನಾನಂತೂ ಸುಖವಾಗಿದ್ದೆ. ಭಾನುವಾರ ಬಂದರೆ ವೈಜಯಂತಿಯ ಬೆರಳುಗಳು ನನ್ನೊಳಗೆ ಹರಿಯುತ್ತಿದ್ದವು. ಅವಳು ಮೀನಾದಾಗ ನನ್ನ ಮೈ ತಣ್ಣಗಾಗುತ್ತಿತ್ತು. ಅವಳು ಹಕ್ಕಿಯಾದಾಗ ಗಳದಿಂದ ಬಿಡಿಸಿಕೊಂಡು ಹೊರಟೇಬಿಟ್ಟೆ ಅನ್ನಿಸುತ್ತಿತ್ತು. ದೂರದ ಮಕ್ಕಳ ನಗು ಸದ್ದಿಲ್ಲದೆ ಹಿಂದಿರುಗಿ ಬರುತ್ತಿತ್ತು. ನನ್ನ ಗಂಟಿನ ಪಕ್ಕದಲ್ಲೇ ಒದ್ದೆ ಸೀರೆಯೊಂದು ದಿನವೂ ತೊಟ್ಟಿಕ್ಕುತ್ತಿರುವುದನ್ನು ನಾನು ಗಮನಿಸಲೇ ಇಲ್ಲ. ರಾಯರೂ ಗಮನಿಸಿರಲಿಲ್ಲ.

ಸಂಸ್ಥೆಯವರು ತಾವೂ ಕೂತು ನೋಡುತ್ತೇವೆಂದ ಭಾನುವಾರ ಬಂತು. ಅಂದು ದ್ವಾದಶಿ. ಹಿಂದಿನ ದಿನ ನೀರೂ ಮುಟ್ಟದೆ ಏಕಾದಶಿ ಮಾಡಿದ್ದ ಅಜ್ಜಿ ಬೇಗನೆ ಮಿಂದು ಅಡುಗೆಗೆ ನಿಂತಿದ್ದರು. ಉಪವಾಸ ಮುರಿಯುವ ಪಾರಣೆಯ ಹೊತ್ತು ಮೀರುವ ಹಾಗಿರಲಿಲ್ಲ. ರಾಯರು ಮದುವೆಗೆಂದು ಹೊಸಪೇಟೆಗೆ ಹೋಗಿದ್ದರು. ವೈಜಯಂತಿ ಹುಲಿಯ ಕತೆಯನ್ನೇ ಎತ್ತಿಕೊಂಡಳು. ಹುಲಿ ಹೊಂಚು ಹಾಕಿತು, ಬೆನ್ನು ಬಗ್ಗಿಸಿತು. ಆಗಲೇ ಸೀರೆಯ ನೀರು ನನ್ನ ಗಂಟಿನೊಳಗೆ ಇಳಿಯಿತು. ನನಗೆ ಕಣ್ಣು ಕತ್ತಲೆ ಬಂತು. ಅತ್ತ ಪರದೆಯೂ ಕಪ್ಪಾಯಿತು.

ಅವಳು ಓಡಿ ಬಂದು ಓಣಿಯಲ್ಲಿ ನಿಂತಳು. ಗಂಟನ್ನು ನೋಡಿದಳು, ಸೀರೆಯನ್ನು ನೋಡಿದಳು. ಕೈ ಎತ್ತಿದವಳು ಅರ್ಧಕ್ಕೇ ಇಳಿಸಿದಳು. ಮಡಿಯ ವಸ್ತುವನ್ನು ಮುಟ್ಟಬಾರದೆಂಬ ಪಾಠ ಅವಳ ಮೈಯಲ್ಲೇ ಇಳಿದಿತ್ತು. ಅಡುಗೆಮನೆಯ ಹೊಸ್ತಿಲ ಈಚೆ ನಿಂತು, ಗಂಟಿನ ಕಡೆ ಬೆರಳು ಮಾಡಿ, ಅವಳು ಅಜ್ಜಿಗೆ ಹೇಳತೊಡಗಿದಳು. ಮಕ್ಕಳು ಕಾಯುತ್ತಿದ್ದಾರೆ, ಇದು ಹೋದರೆ ನನಗೆ ಇನ್ನೇನೂ ಇಲ್ಲ ಎಂದು ಕೈಗಳು ಬೇಡಿಕೊಂಡವು. ಅಜ್ಜಿಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ಮಡಿಯ ಹೊತ್ತಿನಲ್ಲಿ ಮೊಮ್ಮಗಳು ಹಾಗೆ ಹೊಸ್ತಿಲಿಗೆ ಬಂದು ನಿಂತದ್ದನ್ನು ಅವರು ಎಂದೂ ಕಂಡಿರಲಿಲ್ಲ.

ಅಜ್ಜಿ ಸೌಟು ಇಟ್ಟು ಹೊರಬಂದರು. ಕೋಲಿನಿಂದ ಸೀರೆ ಇಳಿಸಿದರು. ಹಿಮ್ಮಡಿ ಎತ್ತಿ ನನ್ನ ಗಂಟಿಗೆ ಕೈ ಚಾಚಿದರು, ಎಟುಕಲಿಲ್ಲ. ಒಂದು ಕ್ಷಣ ಒಲೆಯ ಕಡೆ ನೋಡಿದರು. ಆಮೇಲೆ ವೈಜಯಂತಿಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ಗಳದ ಕೆಳಕ್ಕೆ ಎಳೆದುತಂದರು. ಹುಡುಗಿ ಬೆಚ್ಚಿದಳು.

"ಹತ್ತು. ಬಿಚ್ಚು ಅದನ್ನ. ನಾ ಇನ್ನೊಮ್ಮೆ ಸ್ನಾನಾ ಮಾಡ್ತೀನಿ. ಪಾರಣಿ ತಡಾ ಆದ್ರ ಆಗ್ಲಿ."

ಆ ಮಾತು ಅವಳಿಗೆ ಕೇಳಿಸಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಸ್ಟೂಲ್ ಹತ್ತಿ ಗಂಟು ಬಿಚ್ಚಿ ನೀರು ಕೊಡವಿದಳು, ಊದಿದಳು, ವೇಲಿನ ತುದಿಯಿಂದ ಒರೆಸಿದಳು. ಅಷ್ಟು ಹೊತ್ತೂ ಅಜ್ಜಿ ಅವಳ ಕಾಲುಗಳನ್ನು ಅಪ್ಪಿ ಹಿಡಿದಿದ್ದರು. ಗಂಟು ಕೂಡಿದಾಗ ನನಗೆ ಮತ್ತೆ ಜೀವ ಬಂತು.

ಮಕ್ಕಳು ಎದ್ದು ಹೋಗಿರಲಿಲ್ಲ. ಹುಲಿ ಹಾರಿತು. ಅಜ್ಜಿ ಸ್ನಾನಕ್ಕೆ ಹೋಗದೆ ವೈಜಯಂತಿಯ ಬೆನ್ನ ಹಿಂದೆ ನೆಲದ ಮೇಲೆ ಕೂತು ಪರದೆಯನ್ನೇ ನೋಡುತ್ತಿದ್ದರು. ಕತೆ ಮುಗಿದ ಮೇಲೆ ಒಂದು ಪುಟ್ಟ ಹುಡುಗಿ ಕೈಯಲ್ಲಿ ಕೇಳಿದಳು, ಹಿಂದೆ ಕೂತವರು ಯಾರು?

ಕೈಭಾಷೆಯವರು ತಮ್ಮ ಜನಕ್ಕೆಲ್ಲ ಒಂದೊಂದು ಹೆಸರು ಇಟ್ಟಿರುತ್ತಾರೆ, ಬಾಯಿಂದ ಹೇಳುವುದಲ್ಲ, ಕೈಯಿಂದ ಮಾಡುವುದು. ವೈಜಯಂತಿ ಮೂರು ವರ್ಷದವಳಿದ್ದಾಗ ಅಜ್ಜಿಗಿಟ್ಟ ಹೆಸರು, ಬೆರಳುಗಳನ್ನು ಹೊರಗೆ ಝಾಡಿಸುವುದು. ದೂರ ಸರಿ ಎಂದು ಅರ್ಥ. ಅಜ್ಜಿಗೆ ಇದು ಗೊತ್ತೇ ಇರಲಿಲ್ಲ. ಈಗಲೂ ವೈಜಯಂತಿಯ ಕೈ ಅಭ್ಯಾಸಬಲದಿಂದ ಮೇಲೆದ್ದಿತು, ಅಲ್ಲೇ ತಡೆಯಿತು. ಆಮೇಲೆ ಅವಳು ಎಡಗೈಯಿಂದ ತನ್ನ ಬಲ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ತೋರಿಸಿದಳು. ಪರದೆಯ ತುಂಬ ಮಕ್ಕಳು ತಮ್ಮ ತಮ್ಮ ಮಣಿಕಟ್ಟು ಹಿಡಿದು ಆ ಹೆಸರನ್ನು ಕಲಿತರು. ಇದೂ ಕತೆಯದೇ ಭಾಗವೆಂದುಕೊಂಡು ಅಜ್ಜಿಯೂ ತಮ್ಮ ಮಣಿಕಟ್ಟು ಹಿಡಿದುಕೊಂಡರು.

ಮರುದಿನ ರಾಯರು ಬಂದಾಗ ಅಜ್ಜಿಯ ಅಪ್ಪಣೆ ಸಿದ್ಧವಾಗಿತ್ತು. "ದೇವರ ಮನ್ಯಾಗಿಂದ ಹಾಕು. ದೇವರು ಏನೂ ಅನ್ನಂಗಿಲ್ಲ, ನಾ ಕೇಳೀನಿ." ತರಗತಿಯೂ ವೈಜಯಂತಿಯ ಬಳಿಯೇ ಉಳಿಯಿತು. ಆಮೇಲೆ ಎಷ್ಟೋ ವರ್ಷ ನಾನು ದೇವರ ಕಪಾಟಿನ ಹಿಂದೆ, ಗಂಧದ ವಾಸನೆಯಲ್ಲಿ ತೂಕಡಿಸುತ್ತ ಮಕ್ಕಳ ನಗು ಸಾಗಿಸಿದೆ.

ಈಗ ಮನೆಗೆ ಹೊಸ ತಂತಿ ಬಂದಿದೆ. ಅದರೊಳಗೆ ಬೆಳಕೇ ಓಡುತ್ತದಂತೆ. ನಾನು ಅಟ್ಟದ ಮೇಲೆ ಸುರುಳಿಯಾಗಿ, ಹುಟ್ಟಿದಾಗ ಇದ್ದಂತೆಯೇ ಕತ್ತಲಲ್ಲಿದ್ದೇನೆ. ಹಾದುಹೋದದ್ದು ಬಹುಪಾಲು ಮರೆತಿದೆ. ಒಂದು ಭಾನುವಾರ ಮಾತ್ರ ಮೈಯಿಂದ ಇಳಿದಿಲ್ಲ. ತುಂಗಾಬಾಯಿ ತೀರಿಕೊಂಡಿದ್ದರು. ವೈಜಯಂತಿ ಪರದೆಯ ಮುಂದೆ ಕೂತಳು, ಕತೆ ಹೇಳಲು ಕೈ ಏಳಲಿಲ್ಲ. ಆ ಕಡೆ ಮಕ್ಕಳಿಗೆ ಸುದ್ದಿ ಮುಟ್ಟಿತ್ತು. ಒಬ್ಬೊಬ್ಬರಾಗಿ ತಮ್ಮ ಮಣಿಕಟ್ಟನ್ನು ಹಿಡಿದುಕೊಂಡು, ತರಗತಿ ಮುಗಿಯುವ ತನಕ ಬಿಡದೆ ಕೂತರು.