ಅಜ್ಜಿಯ ಪಟ್ಟಿ

ಕ್ಷಮಿಸಬೇಕು. ಗಣಿಯೊಳಗೆ ಒಂದು ದಿನವೂ ದುಡಿಯದ ನಾನು ಗಣಿಯ ಮಾತಿನ ಬಗ್ಗೆ ಬರೆಯಲು ಕೂತಿದ್ದೇನೆ. ರಾಬರ್ಟ್‌ಸನ್‌ಪೇಟೆಯ ಸಂಜೆ ತರಗತಿಗಳಲ್ಲಿ ಓದಿ ಗುಮಾಸ್ತನಾದವನು. ಮೂರು ಸಲ ಓದಿ ನೋಡದೆ ಯಾವ ಕಾಗದವನ್ನೂ ಮುಂದಕ್ಕೆ ಕಳಿಸಿದವನಲ್ಲ. ಆದರೂ ನಾನು ಮಾಡಿದ ಒಂದು ಪಟ್ಟಿಯಲ್ಲಿ ತಪ್ಪಾಯಿತು. ತಪ್ಪಿದವನೇ ಹೇಳಿಬಿಟ್ಟರೆ ಒಳ್ಳೆಯದೆಂದು ಈ ಧೈರ್ಯ.

೧೯೮೩ನೇ ಇಸವಿ. ಚಿನ್ನದ ಗಣಿಯ ಸುರಕ್ಷತಾ ಕಚೇರಿಯಲ್ಲಿ ನನಗೆ ಕೆಲಸ. ಅದರ ಹಿಂದಿನ ವರ್ಷ ಒಳಗೆ ಬಂಡೆ ಸಿಡಿದು ನನ್ನಣ್ಣ ಚಿಕ್ಕವೆಂಕಟಪ್ಪನ ಕಾಲು ಕಲ್ಲಿನಡಿ ಸಿಕ್ಕಿಕೊಂಡಿತ್ತು. ಕೆಳಗಿನಿಂದ ಫೋನಿನಲ್ಲಿ ಒಬ್ಬ ತಮಿಳಿನಲ್ಲಿ, ಒಬ್ಬ ತೆಲುಗಿನಲ್ಲಿ, ಇನ್ನೊಬ್ಬ ಅರೆಬರೆ ಇಂಗ್ಲಿಷಿನಲ್ಲಿ ಹೇಳಿ, ಅದು ಮೇಲಿನವರಿಗೆ ಅರ್ಥವಾಗಿ ಸ್ಟ್ರೆಚರ್ ಇಳಿಯುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಕಾಲು ವಾಸಿಯಾಗಿ ಅಣ್ಣ ಮತ್ತೆ ಇಳಿಯುತ್ತಿದ್ದ.

"ಎಲ್ಲರಿಗೂ ಒಂದೇ ಪದಗಳ ಪಟ್ಟಿ ಮಾಡಿ ವೆಂಕಟೇಶಪ್ಪ," ಎಂದರು ನಮ್ಮ ಅಧಿಕಾರಿ ರಾಮಚಂದ್ರಪ್ಪನವರು. "ಮೂರು ವಾರ ಬಿಟ್ಟು ಬುಧವಾರ ಅಪಾಯದ ಅಭ್ಯಾಸ ಮಾಡಿಸ್ತೀನಿ. ಅಲ್ಲಿ ನಡೀಲಿಲ್ಲ ಅಂದ್ರೆ ಇಂಗ್ಲಿಷ್ ಪಟ್ಟಿನೇ ಗತಿ."

ಇಂಗ್ಲಿಷ್ ಪಟ್ಟಿ ಅಂಟಿಸಿದರೆ, ಅದನ್ನು ಓದಲು ಬಾರದ ಅಣ್ಣನಿಗೆ ಅದು ಗೋಡೆಯ ಸುಣ್ಣವಿದ್ದ ಹಾಗೆ. ಇನ್ನೊಂದು ಸಲ ಮುಕ್ಕಾಲು ಗಂಟೆಯಾದರೆ? ಬಂಗಾರಪೇಟೆಯಿಂದ ಬರುವ ರೈಲಿನಲ್ಲಿ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಮೂರು ವಾರ ದುಡಿದೆ. ಶಿಲಾಸ್ಫೋಟ, ಕುಸಿತ, ಮಾರ್ಗಬಂಧನ. ಒಟ್ಟು ನಲವತ್ತು ಪದ.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಕೆಳಗಿನಿಂದ ಮೇಸ್ತ್ರಿ ಪೆರುಮಾಳ್ ಫೋನ್ ಮಾಡಬೇಕು, ಪಟ್ಟಿಯ ಪದ ಹೇಳಬೇಕು. ನಾನು ಅದನ್ನು ಜೋರಾಗಿ ಕೂಗಬೇಕು. ರಕ್ಷಣಾ ತಂಡ ಬಾಗಿಲಲ್ಲಿ ಸಿದ್ಧವಾಗಿತ್ತು; ಅದರ ಮುಖ್ಯಸ್ಥ ತೆಲುಗಿನ ಸೊಣ್ಣಪ್ಪ. ಫೋನ್ ಬಡಿದುಕೊಂಡಿತು.

"ಹೇಳಿ ಮೇಸ್ತ್ರಿ."

ನಾನೇ ನೆನಪಿಸಿದೆ.

"ಪಟ್ಟೀಲಿ ಮೊದಲನೇದು. ಶಿಲಾ..."

"ಅಯ್ಯೋ, ಬೇಡ ತಂಬಿ! ಒಳಗೆ ನಿಂತ್ಕೊಂಡು ಆ ಮಾತು ಬಾಯಲ್ಲಿ ತರಲ್ಲ. ಕೂಗಿ ಕರೆದ ಹಂಗಾಯ್ತದೆ."

ಮೂರು ವಾರದಲ್ಲಿ ನಿಘಂಟನ್ನು ಕೇಳಿದ್ದೆ, ಒಳಗೆ ಇಳಿಯುವ ಒಬ್ಬನನ್ನೂ ಕೇಳಿರಲಿಲ್ಲ. ರಾಮಚಂದ್ರಪ್ಪನವರು ಗಡಿಯಾರ ನೋಡಿ ಇಂಗ್ಲಿಷ್ ಪಟ್ಟಿಗೆ ಕೈ ಹಾಕಿದರು. ಅಷ್ಟರಲ್ಲಿ ಅತ್ತ ಅಣ್ಣನ ದನಿ.

"ಲೇ ವೆಂಕಟೇಶ, ನಿನ್ ಪುಸ್ತಕ ಮುಚ್ಚಿಕ್ಕು. ನಾನು ಅಂದಂಗೆ ಕೂಗು. ಅಜ್ಜಿ ಮಗ್ಗುಲು ತಿರುಗಿದ್ಲು. ಇಬ್ರು ಕೂತವ್ರೆ, ಒಬ್ಬ ಮಲಗವ್ನೆ."

"ಯಾವ ಅಜ್ಜೀನೋ?"

"ಮೊದ್ಲು ಕೂಗೋ!"

ಕೂಗಿದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಯಾರೂ ಇರಲಿಲ್ಲ. ಸೊಣ್ಣಪ್ಪನ ತಂಡ ಒಂದೇ ಒಂದು ಸ್ಟ್ರೆಚರ್ ಎತ್ತಿಕೊಂಡು ಆಗಲೇ ಗಣಿಬಾಯಿಯತ್ತ ಓಡುತ್ತಿತ್ತು.

ಹತ್ತು ನಿಮಿಷದಲ್ಲಿ ಅಭ್ಯಾಸ ಮುಗಿಯಿತು. ಆಮೇಲೆ ಸೊಣ್ಣಪ್ಪ ಬೆಂಚಿನ ಮೇಲೆ ಕೂತು ನನಗೆ ಪಾಠ ಹೇಳಿದ. ಅಜ್ಜಿ ಅಂದರೆ ಗಣಿಯೇ; ಅವಳು ಕೆಮ್ಮಿದರೆ ಬಂಡೆಯ ಸದ್ದು ಮಾತ್ರ. ಮಗ್ಗುಲು ತಿರುಗಿದರೆ ಕಲ್ಲು ಬಿದ್ದಿದೆ. ಎದ್ದು ಕೂತರೆ ದಾರಿಯೇ ಮುಚ್ಚಿದೆ. ಕೂತವರು ಸಿಕ್ಕಿಕೊಂಡವರು, ಮಲಗಿದವರು ಪೆಟ್ಟು ತಿಂದವರು. ಕನ್ನಡ, ತಮಿಳು, ತೆಲುಗು ಮೂರು ಭಾಷೆಯವರೂ ತಂತಮ್ಮ ಮಾತಿನಲ್ಲಿ ಅಜ್ಜಿಯನ್ನೇ ಹೇಳುತ್ತಿದ್ದರು.

"ಹಾಗಾದ್ರೆ ನಮ್ಮಣ್ಣ ಸಿಕ್ಕಿಕೊಂಡಾಗ ಫೋನಲ್ಲಿ ಇದನ್ನ ಯಾಕೆ ಹೇಳ್ಲಿಲ್ಲ?"

"ಆಪೀಸಿಗೆ ಫೋನು ಅಂದ್ರೆ ಆಪೀಸ್ ಮಾತೇ ಆಡ್ಬೇಕು ಅನ್ಕೊಂಡಿದ್ವಿ ಸಾಮಿ. ಅಜ್ಜಿ ಅಂದ್ರೆ ನೀವು ನಗ್ತಿದ್ರಿ."

ನಗುತ್ತಿದ್ದೆವು, ಸುಳ್ಳಲ್ಲ. ರಾಮಚಂದ್ರಪ್ಪನವರು ಹಣೆ ಉಜ್ಜಿಕೊಂಡರು. "ಮೇಲಿನೋರು ಯಾವ ಅಜ್ಜಿ ಅಂತ ಕೇಳಿದ್ರೆ ಏನಯ್ಯಾ ಬರೀಲಿ?"

"ಒಂದು ಸಲ ಇಳಿದು ಬರ್ಲಿ ಸಾರ್. ಅವ್ಳೇ ಹೇಳ್ತಾಳೆ," ಎಂದ ಸೊಣ್ಣಪ್ಪ.

ಅವರೂ ನಕ್ಕರು. ಇಂಗ್ಲಿಷ್ ಪಟ್ಟಿ ಬೀರು ಸೇರಿತು. ನಾನು ನಿಘಂಟನ್ನು ಮನೆಯಲ್ಲಿ ಬಿಟ್ಟು, ಗಣಿಬಾಯಿಯ ಎದುರು ನರಸಮ್ಮನ ಟೀ ಅಂಗಡಿಯಲ್ಲಿ ಕೂತೆ. ಪಾಳಿ ಮುಗಿಸಿ ಬಂದವರು ಒಂದೊಂದೇ ಮಾತು ಕೊಟ್ಟರು. "ನಮ್ ಗುಮಾಸ್ತ್ರು ಈಗ ಸರಿಯಾದ ಸ್ಕೂಲಿಗೆ ಸೇರ್ಕೊಂಡವ್ರೆ," ಎಂದು ನರಸಮ್ಮ ಗೇಲಿ ಮಾಡಿದಳು. ನಲವತ್ತು ಇಳಿದು ಹದಿನಾರಾಯಿತು. ಮೂರು ಲಿಪಿಯಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿದೆ.

ಆ ಕಾರ್ತಿಕದಲ್ಲಿ ಅಜ್ಜಿ ನಿಜಕ್ಕೂ ಮಗ್ಗುಲು ತಿರುಗಿದಳು. ಫೋನ್ ತೆಗೆದದ್ದು ನಾನೇ. "ಒಬ್ಬ ಮಲಗವ್ನೆ," ಎಂದಿತು ದನಿ. ಕೂಗಿದೆ. ಹನ್ನೆರಡು ನಿಮಿಷಕ್ಕೆ ಸ್ಟ್ರೆಚರ್ ಕೆಳಗೆ ತಲುಪಿತು. ಅದರ ಮೇಲೆ ಬಂದವನು ಪೆರುಮಾಳ್. ಮೊಣಕಾಲು ಊದಿತ್ತು, ಬಾಯಿ ಮಾತ್ರ ಸುಮ್ಮನಿರಲಿಲ್ಲ. ಹಿಂದೆಯೇ ಹೆಲ್ಮೆಟ್ ಕೈಯಲ್ಲಿ ಹಿಡಿದು, ಬೀಡಿಗೆ ಬೆಂಕಿ ಕೇಳುತ್ತ ಅಣ್ಣ ನಡೆದು ಬಂದ.

ಅವಳಿಗೆ ಅಜ್ಜಿ ಎಂದು ಮೊದಲು ಹೆಸರಿಟ್ಟವರು ಯಾರು? ಅಣ್ಣನನ್ನು ಕೇಳಿದೆ, ಪೆರುಮಾಳನನ್ನು ಕೇಳಿದೆ. ತಾವು ಇಳಿಯುವಾಗಲೇ ಅವಳು ಮುದುಕಿಯಾಗಿದ್ದಳು ಎಂದರು. ಮರಳಿ ಬಾರದವನ ಬಗ್ಗೆ ಹೇಳಲು ಅವರಲ್ಲಿ ಮಾತಿತ್ತೋ ಇಲ್ಲವೋ, ಅದೂ ತಿಳಿಯಲಿಲ್ಲ. ಯಾರೂ ಕೊಡಲಿಲ್ಲ, ನಾನು ಒತ್ತಾಯಿಸಲಿಲ್ಲ. ಆ ಮಾತಿಗೆಂದು ಪಟ್ಟಿಯಲ್ಲಿ ಹದಿನೇಳನೆಯ ಸಾಲನ್ನು ಖಾಲಿ ಬಿಟ್ಟಿದ್ದೆ. ಅದು ಸರಿಯೋ ತಪ್ಪೋ, ನನಗೆ ಗೊತ್ತಿಲ್ಲ.