ಅಂಚಿನಲ್ಲಿ ಬರೆಯದ ಕಾರಣ

ಹೆಣದ ಗಾಡಿಯ ಚಾಲಕ ಗೇರ್ ಬದಲಿಸುವಷ್ಟರಲ್ಲಿ ಪಕ್ಕದ ಸೀಟಿನಲ್ಲಿದ್ದ ಮುದುಕಿ ಕೈಚಾಚಿ ಕೀಲಿಯನ್ನೇ ತಿರುಗಿಸಿ ಕಿತ್ತುಕೊಂಡಳು. ಎಂಜಿನ್ ಒಂದು ಸಲ ಕೆಮ್ಮಿ ಸುಮ್ಮನಾಯಿತು.

"ಏನಮ್ಮಾ ಇದು!"

"ಬೋರ್ಡು ಕಾಣಲ್ವಾ? ಈ ಗೇಟಿಂದ ಆ ಗೇಟಿನವರೆಗೂ ನೂರು ಹೆಜ್ಜೆ ಎಂಜಿನ್ ಬಂದ್. ತಳ್ಕೊಂಡು ಹೋಗಬೇಕು."

ಬೋರ್ಡಿನಲ್ಲಿ 'ಭೂಕಂಪನ ವೀಕ್ಷಣಾಲಯ' ಎಂದಿತ್ತು. ಅದರ ಕೆಳಗಿನ ಸಾಲು ಬಿಸಿಲಿಗೆ ಮಾಸಿಹೋಗಿತ್ತು.

"ಹೆಣದ ಗಾಡೀನ ತಳ್ಳೋದಾ?"

"ಹೆರಿಗೆ ನೋವು ತಿಂತಿದ್ದ ನನ್ನನ್ನೇ ಇಲ್ಲಿ ನಡೆಸ್ಕೊಂಡು ಹೋದೋರು ಹಿಂದೆ ಮಲಗಿದಾರೆ. ಅವರಿಗೇನು ರಿಯಾಯಿತಿ?"

ಹಿಂದಿನ ಕಾರುಗಳೂ ನಿಂತವು. ಮಗಳು ಓಡಿ ಬಂದಳು. "ಅಮ್ಮಾ, ಸ್ಮಶಾನದೋರು ಹನ್ನೊಂದಕ್ಕೆ ಅಂದಿದಾರೆ. ಇವತ್ತೂ ನಿಮ್ಮಿಬ್ಬರ ಹಟಾನಾ?"

"ಇಬ್ಬರದ್ದಲ್ಲ, ನನ್ನೊಬ್ಬಳದ್ದೇ. ಆ ಮರಿ ಸಾಹೇಬನ್ನ ಕರಿ."

ಮರಿ ಸಾಹೇಬ ಎಂದರೆ ವೀಕ್ಷಣಾಲಯದ ನಿರ್ದೇಶಕರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮುದುಕಿಯೇ ಇಟ್ಟ ಹೆಸರದು. ಈಗ ತಲೆ ಪೂರ್ತಿ ನೆರೆತು, ನಿವೃತ್ತಿಗೆ ಮೂರು ತಿಂಗಳಿದ್ದರೂ ಆ ಹೆಸರು ಬಿಟ್ಟಿರಲಿಲ್ಲ. ಹೂವಿನ ಹಾರ ಹಿಡಿದುಕೊಂಡೇ ಅವರು ಬಂದರು.

"ಹೇಳಿ ಅತ್ತಿಗೆ."

ಮುದುಕಿ ಮಡಿಲಲ್ಲಿದ್ದ ಕಾಗದದ ಸುರುಳಿಯನ್ನು ಕಿಟಕಿಯಿಂದ ಆಚೆ ಹಿಡಿದಳು. ಅದನ್ನು ನೋಡಿದ್ದೇ ತಡ, ನಿರ್ದೇಶಕರ ಮುಖ ಇಳಿಯಿತು.

* * *

ಗಾಡಿಯಲ್ಲಿ ಮಲಗಿದ್ದವರನ್ನು ಊರೆಲ್ಲ ಗೆರೆ ಮೇಷ್ಟ್ರು ಎನ್ನುತ್ತಿತ್ತು. ಪಾಠ ಹೇಳಿದವರಲ್ಲ, ಮೂವತ್ತೆಂಟು ವರ್ಷ ಗೆರೆ ಓದಿದವರು. ಕೋಣೆಯಲ್ಲೊಂದು ಉರುಳೆ ತಿರುಗುತ್ತಿತ್ತು. ಅದಕ್ಕೆ ಸುತ್ತಿದ ಕಾಗದದ ಮೇಲೆ ಮುಳ್ಳೊಂದು ಗೆರೆ ಎಳೆಯುತ್ತಿತ್ತು. ನೆಲ ನಡುಗಿದರೆ ಗೆರೆಯೂ ನಡುಗುತ್ತಿತ್ತು. ಎಲ್ಲಿ ನಡುಗಿತೋ ಅಲ್ಲಿ, ಅಂಚಿನಲ್ಲಿ ಕಾರಣ ಬರೆಯಬೇಕೆಂಬುದು ಮೇಷ್ಟ್ರ ನೇಮ. 'ಲಾರಿ.' 'ದೂರದ ಭೂಕಂಪ.' 'ಎಮ್ಮೆಗಳು, ಹನ್ನೆರಡು.' ಮನೆ ಪಕ್ಕದಲ್ಲೇ ಇದ್ದುದರಿಂದ 'ಹೆಂಡತಿ, ಸಿಟ್ಟಿನಲ್ಲಿ ಬಾಗಿಲು' ಎಂದೂ ಇರುತ್ತಿತ್ತು. ಮಗಳು ಹುಟ್ಟಿದ ದಿನದ ಹಾಳೆಯಲ್ಲಿ ಇದ್ದದ್ದು ಇಷ್ಟೇ: 'ಹೆಂಡತಿ, ಹೆರಿಗೆಗೆ. ನಿಧಾನವಾಗಿ ನಡೆದಳು.'

"ನಿಧಾನವಾಗಂತೆ! ಜೀವ ಬಾಯಿಗೆ ಬಂದಿತ್ತು" ಎಂದು ಅವಳು ಜೀವಮಾನವಿಡೀ ಹೇಳಿಕೊಂಡು ಬಂದಳು.

ಇಪ್ಪತ್ತಾರು ವರ್ಷದ ಹಿಂದೆ, ಒಂದು ಬೆಳಿಗ್ಗೆ ಮೇಷ್ಟ್ರು ತಿಂಡಿಗೆ ಬರಲಿಲ್ಲ. ಅವಳು ತಟ್ಟೆ ಹಿಡಿದು ಹೋದರೆ ಅವರು ಹಾಳೆಯ ಮೇಲೆ ಬಗ್ಗಿದ್ದರು.

"ನೋಡಿಲ್ಲಿ. ಭೂಕಂಪ ಅಂದ್ರೆ ನೆಲ ಜಾರೋದು. ಒಂದು ಕಡೆಯೋರನ್ನ ತಳ್ಳುತ್ತೆ, ಇನ್ನೊಂದು ಕಡೆಯೋರನ್ನ ಎಳೆಯುತ್ತೆ. ಇದು ಎಲ್ಲಾ ಕಡೆಗೂ ತಳ್ಳಿದೆ. ಬೇರೆ ಮೂರು ಕೇಂದ್ರಕ್ಕೆ ಫೋನ್ ಮಾಡಿದೆ, ಎಲ್ಲರದ್ದೂ ಮುಳ್ಳು ಮೊದಲು ಮೇಲಕ್ಕೇ ಹಾರಿದೆ."

"ಅಂದ್ರೆ?"

"ಅಂದ್ರೆ ಯಾವನೋ ನೆಲದೊಳಗೆ ಅಣುಬಾಂಬು ಸಿಡಿಸಿದಾನೆ. ಪರೀಕ್ಷೆ ಮಾಡಲ್ಲ ಅಂತ ಸಹಿ ಹಾಕಿದ ಕೈಯಲ್ಲೇ."

ಮಧ್ಯಾಹ್ನ ರಾಜಧಾನಿಯಿಂದ ಫೋನು ಬಂತು. ಬಾಂಬು ಸಿಡಿಸಿದ ಆ ದೊಡ್ಡ ದೇಶದ ಜೊತೆ ಮಾತುಕತೆ ನಡೆಯುತ್ತಿದೆ, ಮುಜುಗರ ಬೇಡ, 'ಕಲ್ಲುಕ್ವಾರಿ' ಅಂತ ಬರೆದು ಕಳಿಸಿ ಎಂದರು.

"ಅಷ್ಟು ದೊಡ್ಡ ಕ್ವಾರಿ ಇದ್ದಿದ್ರೆ ಈ ಊರೇ ಜಲ್ಲಿ ಆಗಿರ್ತಿತ್ತು ಸಾರ್" ಎಂದು ಮೇಷ್ಟ್ರು ಫೋನ್ ಇಟ್ಟರು. ನಿಜ ಬರೆಯಲು ಬಿಡಲಿಲ್ಲ, ಸುಳ್ಳು ಬರೆಯಲು ಇವರು ಒಪ್ಪಲಿಲ್ಲ. ಅಂಚು ಖಾಲಿ ಉಳಿಯಿತು. ವರದಿಗೆ 'ಕ್ವಾರಿ' ಎಂದು ಸಹಿ ಹಾಕಿದವನು ಸಹಾಯಕ. ದಿನಾ ಅವಳ ಮನೆಯಲ್ಲೇ ಉಣ್ಣುತ್ತಿದ್ದ ಮರಿ ಸಾಹೇಬ. ಅವನು ಮೆಟ್ಟಿಲು ಮೆಟ್ಟಿಲು ಹತ್ತಿದ. ಮೇಷ್ಟ್ರು ಅದೇ ಕುರ್ಚಿಯಲ್ಲಿ ಸವೆದರು.

ಹಳೆಯ ಹಾಳೆಗಳನ್ನೆಲ್ಲ ರದ್ದಿಗೆ ಹಾಕಿದಾಗ ಇದೊಂದನ್ನು ಮನೆಗೆ ತಂದು ಬೀರುವಿನ ಮೇಲಿಟ್ಟರು. ಧೂಳು ಹೊಡೆಯುವಾಗೆಲ್ಲ ಅವಳು ರೇಗುತ್ತಿದ್ದಳು. "ಇದನ್ನ ಬಿಸಾಕಿ ಅಂದ್ರೆ!"

"ಕಾರಣ ಬರೆದಿಲ್ಲ ಕಣೇ. ಮುಗಿಯದೇ ಇರೋದನ್ನ ಹೇಗೆ ಬಿಸಾಕೋದು?"

ಪರೀಕ್ಷೆ ನಿಷೇಧದ ಒಪ್ಪಂದದ ಸುದ್ದಿ ರೇಡಿಯೋದಲ್ಲಿ ಬಂದಾಗಲೆಲ್ಲ ಅವರು ಕಿವಿ ನಿಮಿರಿಸುತ್ತಿದ್ದರು. ಇಷ್ಟು ದೇಶ ಸಹಿ ಹಾಕಿವೆ, ಅಷ್ಟು ದೇಶ ಬಾಕಿ, ಇನ್ನೂ ಜಾರಿಗೆ ಬಂದಿಲ್ಲ. ಮನೆಯಲ್ಲಿ ಅದೇ ಗಾದೆಯಾಯಿತು. ಸೋರುವ ನಲ್ಲಿ ಯಾವಾಗ ಸರಿಮಾಡ್ತೀರಿ ಎಂದರೆ ಮಗಳೇ ಅಡುಗೆಮನೆಯಿಂದ ಕೂಗುತ್ತಿದ್ದಳು: "ಸಹಿ ಆಗಿದೆ, ಜಾರಿಗೆ ಬಂದಿಲ್ಲ!"

* * *

"ಬರಿ" ಎಂದಳು ಮುದುಕಿ.

"ಅತ್ತಿಗೆ, ಇದು ಸಮಯಾನಾ? ನಾಳೆ ಬಂದು ಮಾತಾಡ್ತೀನಿ. ಸಮಿತಿ ಮುಂದಿಟ್ಟು..."

"ಸಮಿತಿ ನನ್ನ ಮನೇಲಿ ಉಂಡಿತ್ತಾ? ನಿನ್ನನ್ನ ಕೇಳ್ತಿರೋದು. ಅವರನ್ನ ಮಣ್ಣಿಗಿಡೋ ಮುಂಚೆ ಈ ಹಾಳೆ ಮುಗೀಬೇಕು. ಇಲ್ದಿದ್ರೆ ಗಾಡಿ ಇಲ್ಲೇ ಇರುತ್ತೆ."

"ಬಾಡಿಗೆ ಗಾಡಿ ಅಮ್ಮಾ" ಎಂದ ಚಾಲಕ, ಮೆಲ್ಲಗೆ.

"ನೀನು ಸುಮ್ನಿರು. ಕೀಲಿ ನನ್ನ ಹತ್ರ ಇದೆ."

ಹಿಂದಿನಿಂದ ಮೈದುನ ಕೂಗಿದ. "ಯಾರ್ರೀ ಅದು ಸತ್ತೋರನ್ನ ಕಾಯಿಸ್ತಿರೋದು?"

"ಇಪ್ಪತ್ತಾರು ವರ್ಷದಿಂದ ಇವನೇ!" ಎಂದಳು ಮುದುಕಿ, ಬೆರಳು ತೋರಿಸಿ.

ಜನ ಸುತ್ತ ಸೇರಿದರು. ನಿರ್ದೇಶಕರು ಹಾರವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ಕೊನೆಗೆ ಅದನ್ನು ಚಾಲಕನ ಮಡಿಲಿಗೆ ಹಾಕಿ, ಹಾಳೆಯನ್ನು ಗಾಡಿಯ ಬಾನೆಟ್ಟಿನ ಮೇಲೆ ಹರಡಿ, ಜೇಬಿನಿಂದ ಪೆನ್ಸಿಲ್ ತೆಗೆದರು.

"ಅಳಿಸೋಕೆ ಅನುಕೂಲ ಆಗ್ಲಿ ಅಂತಾನಾ?"

ಪೆನ್ನು ತೆಗೆದರು. ಎರಡು ಸಲ ಗೀಚಿದರೂ ಶಾಯಿ ಬರಲಿಲ್ಲ. ಮಗಳು ತನ್ನ ಪೆನ್ನು ಕೊಟ್ಟಳು. ಬಾನೆಟ್ಟು ಇನ್ನೂ ಬಿಸಿಯಿತ್ತು. ಕೈ ಸುಟ್ಟುಕೊಂಡು ಅವರು ಬರೆದರು: 'ಭೂಗತ ಅಣುಸ್ಫೋಟ.'

"ಸಹಿ?"

"ಸಹಿ ಒಂದು ಬೇಡ ಅತ್ತಿಗೆ. ಮೂರೇ ತಿಂಗಳು ಇರೋದು."

ಮುದುಕಿ ಅವರನ್ನೇ ದಿಟ್ಟಿಸಿದಳು. ಆಮೇಲೆ ಹಿಂದೆ ತಿರುಗಿ, ಪೆಟ್ಟಿಗೆಯ ಕಡೆಗೆ ಹೇಳಿದಳು: "ಕೇಳಿಸ್ತೇನ್ರೀ? ಜಾರಿಗೆ ಬಂತಂತೆ. ಸಹಿ ಆಗಿಲ್ಲ."

ಮಗಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಅತ್ತಳು.

ಮುದುಕಿ ಹಾಳೆ ಸುತ್ತಿ ಮಗಳ ಕೈಗಿಟ್ಟು, ಕೀಲಿಯನ್ನು ಚಾಲಕನಿಗೆ ಕೊಟ್ಟು, ಗಾಡಿಯಿಂದಿಳಿದು ಚಪ್ಪಲಿ ಬಿಟ್ಟಳು. "ಎಲ್ಲರೂ ಬಿಡಿ. ಹೆಜ್ಜೆ ಸಪ್ಪಳ ಆಗಬಾರದು."

ಬೈದುಕೊಳ್ಳುತ್ತಲೇ ಬಿಟ್ಟರು. ಚಾಲಕ ಸ್ಟೀರಿಂಗ್ ಹಿಡಿದ. ನಿರ್ದೇಶಕರೂ ಕಾಲುಚೀಲ ಕಳಚಿ, ಪ್ಯಾಂಟು ಮಡಿಸಿ ಹಿಂದಿನ ಬಾಗಿಲಿಗೆ ಹೆಗಲು ಕೊಟ್ಟರು. ಗಾಡಿ ಒಂದು ಅಂಗುಲ ಕದಲಿತು, ಆಮೇಲೆ ಒಂದು ಮಾರು.

ವೀಕ್ಷಣಾಲಯದ ಕಿಟಕಿ ಪಕ್ಕಕ್ಕೆ ಬಂದಾಗ ಮುದುಕಿ ಒಳಗೆ ಇಣುಕಿದಳು. ಕಂಪ್ಯೂಟರುಗಳ ಸಾಲಿನಾಚೆ, ಮೇಷ್ಟ್ರ ಹಟಕ್ಕೆ ಉಳಿಸಿಕೊಂಡಿದ್ದ ಹಳೆಯ ಉರುಳೆ ಇನ್ನೂ ತಿರುಗುತ್ತಿತ್ತು. ಪಾಳಿಯಲ್ಲಿದ್ದ ಹುಡುಗಿ ಅದರ ಮುಂದೆ ನಿಂತು, ರೋಮ ಎದ್ದಂತೆ ನಡುಗುತ್ತಿದ್ದ ಗೆರೆಯನ್ನು ನೋಡುತ್ತಿದ್ದಳು. ಒಮ್ಮೆ ತಲೆಯೆತ್ತಿ ಕಿಟಕಿಯಾಚೆಯ ಬರಿಗಾಲಿನ ಜನರನ್ನು ನೋಡಿದಳು, ಗಡಿಯಾರ ನೋಡಿದಳು. ಆಮೇಲೆ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ಬಗ್ಗಿ, ಅಂಚಿನಲ್ಲಿ ಬರೆಯತೊಡಗಿದಳು.